ಸರಾಗವಾಗಿ ಓದುತ್ತಾರೆ, ಅರ್ಥ ಕೇಳಿದರೆ ಮೌನ: ಚಟುವಟಿಕೆಯ ಆಯ್ಕೆಯನ್ನು ಮಕ್ಕಳಿಗೇ ಬಿಟ್ಟರೆ ಉಪಯೋಗವಿದೆಯೇ?

ಅರಸೀಕೆರೆ ಟೀಚರ್

ಎಲ್ಲರಿಗೂ ನಮಸ್ಕಾರ. ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು ಕನ್ನಡ ಕಲಿಸುತ್ತೇನೆ. ನನ್ನ ಮಕ್ಕಳಲ್ಲಿ ಹೆಚ್ಚಿನವರು ಒತ್ತಕ್ಷರಗಳಿಗೂ ಎಡವದೆ ಓದುತ್ತಾರೆ. ‘ಬಿಟ್ಟ ಸ್ಥಳ ತುಂಬಿರಿ’, ‘ಈ ಮಾತನ್ನು ಯಾರು ಯಾರಿಗೆ ಹೇಳಿದರು’ ಎಂಬ ಪ್ರಶ್ನೆಗಳಿಗೆ ಕೈ ಎತ್ತಲು ಪೈಪೋಟಿ. ಪಾಠದಲ್ಲಿ ನೇರವಾಗಿ ಬರೆದಿಲ್ಲದ್ದನ್ನು ಕೇಳಿದಾಗ ಮಾತ್ರ ಎಲ್ಲರ ತಲೆಯೂ ಪುಸ್ತಕದೊಳಗೆ.

ಕಾಗೆ-ಗುಬ್ಬಿಯ ಕಥೆಯನ್ನೇ ತೆಗೆದುಕೊಳ್ಳಿ. ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಕಲ್ಲಿನ ಮನೆ. ಜೋರು ಮಳೆಗೆ ಕಾಗೆಯ ಮನೆ ಕರಗಿಹೋಗಿ ರಾತ್ರಿ ಬಂದು ಗುಬ್ಬಿಯ ಬಾಗಿಲು ತಟ್ಟುತ್ತದೆ. ‘ತಾಳು, ಮಗುವಿಗೆ ನೀರು ಹಾಕುತ್ತಿದ್ದೇನೆ’, ‘ತಾಳು, ಹಾಲು ಕುಡಿಸುತ್ತಿದ್ದೇನೆ’, ‘ತಾಳು, ತೊಟ್ಟಿಲು ತೂಗುತ್ತಿದ್ದೇನೆ’ ಎಂದು ಗುಬ್ಬಿ ಕಾಯಿಸುತ್ತದೆ. ಗುಬ್ಬಿ ಏಕೆ ತಡ ಮಾಡಿತು ಎಂದು ಕೇಳಿದರೆ ಎಲ್ಲರ ಉತ್ತರವೂ ‘ಮಗುವಿಗೆ ನೀರು ಹಾಕುತ್ತಿತ್ತು’. ಸರಿ. ‘ಗುಬ್ಬಿಗೆ ಕಾಗೆಯನ್ನು ಒಳಗೆ ಸೇರಿಸಿಕೊಳ್ಳುವ ಮನಸ್ಸಿತ್ತೇ?’ ಎಂದೆ. ಒಬ್ಬ ಹುಡುಗ ಎದ್ದುನಿಂತು, ‘ಟೀಚರ್, ಅದು ಪಾಠದಲ್ಲಿ ಇಲ್ಲ’ ಎಂದು ನನಗೇ ತಿದ್ದಿ ಹೇಳಿದ.

ತರಬೇತಿಯೊಂದರಲ್ಲಿ ಆಯ್ಕೆ ಆಧಾರಿತ ಚಟುವಟಿಕೆಗಳ ವಿಚಾರ ಕೇಳಿದ್ದೆ. ಓದಿದ ಮೇಲೆ ಎಲ್ಲರಿಗೂ ಒಂದೇ ಅಭ್ಯಾಸ ಕೊಡುವ ಬದಲು ನಾಲ್ಕೈದು ಕೆಲಸಗಳನ್ನು ಮುಂದಿಟ್ಟು, ತಮಗೆ ಬೇಕಾದ್ದನ್ನು ಮಕ್ಕಳೇ ಆರಿಸಿಕೊಳ್ಳಲಿ ಎಂಬುದು. ಚಿತ್ರ ಬಿಡಿಸುವುದು, ಅಭಿನಯಿಸುವುದು, ಕಥೆಯ ಕೊನೆ ಬದಲಿಸುವುದು, ಹೊಸ ಪ್ರಶ್ನೆ ಬರೆಯುವುದು ಎಂದು ಹಲಗೆಯ ಮೇಲೆ ಬರೆದೆ. ಬೆರಳೆಣಿಕೆಯ ಮಕ್ಕಳನ್ನು ಬಿಟ್ಟು ಉಳಿದವರೆಲ್ಲ ಚಿತ್ರಕ್ಕೆ ಮುಗಿಬಿದ್ದರು. ಚಿತ್ರ ಹೇಗಿತ್ತು ಎನ್ನುತ್ತೀರಿ? ಎರಡು ಗುಡ್ಡ, ನಡುವೆ ಮೂಡುತ್ತಿರುವ ಸೂರ್ಯ, ಒಂದು ತೆಂಗಿನ ಮರ, ಆ ಮರದ ಮೇಲೊಂದು ಕಾಗೆ. ಕಥೆಯಲ್ಲಿ ನಡುರಾತ್ರಿ, ಧೋ ಎಂದು ಮಳೆ!

ಇದನ್ನು ಕೈಬಿಡುವುದೋ, ಬೇರೆ ರೀತಿ ಮಾಡುವುದೋ? ಅನುಭವ ಇರುವವರು ಹೇಳಿ.

ಮಲೆನಾಡ ಮೇಷ್ಟ್ರು

ಮೇಡಂ, ನಿವೃತ್ತನಾದವನ ಮಾತು ಎಂದು ಪಕ್ಕಕ್ಕಿಡುವುದಿಲ್ಲ ಎಂದುಕೊಂಡು ಹೇಳುತ್ತೇನೆ. ಊಟಕ್ಕೆ ಕುಳಿತ ಮಗುವಿನ ಮುಂದೆ ಪಾಯಸ, ಮುದ್ದೆ ಎರಡನ್ನೂ ಇಟ್ಟು ನಿನಗೆ ಯಾವುದು ಬೇಕು ಎಂದರೆ ಅದು ಏನು ಹೇಳುತ್ತದೆ? ಆಯ್ಕೆ ಎಂಬ ಹೆಸರಿನಲ್ಲಿ ಶಿಕ್ಷಕರು ತಮ್ಮ ಕೆಲಸವನ್ನು ಮಗುವಿನ ತಲೆಗೆ ಕಟ್ಟುತ್ತಿದ್ದಾರೆ ಎಂಬುದು ನನ್ನ ಗುಮಾನಿ.

ನಾವು ಮಾಡುತ್ತಿದ್ದುದು ಇಷ್ಟೇ: ಶಿಕ್ಷಕರು ಒಮ್ಮೆ ಭಾವ ತುಂಬಿ ಓದುವುದು, ಮಕ್ಕಳು ಓದುವುದು, ಆಮೇಲೆ ಪುಸ್ತಕ ಮುಚ್ಚಿಸಿ ‘ಏನಾಯಿತು ಹೇಳಿ’ ಎಂದು ಕೇಳುವುದು. ಅರ್ಥವಾಗಿದ್ದರೆ ಹೇಳುತ್ತಿದ್ದರು, ಇಲ್ಲದಿದ್ದರೆ ಮತ್ತೆ ಓದಿಸುತ್ತಿದ್ದೆವು. ಚಾರ್ಟು, ಸ್ಕೆಚ್ ಪೆನ್ನು ಏನೂ ಬೇಕಾಗಿರಲಿಲ್ಲ.

ಕೋಟೆ ನಲಿಕಲಿ

ಮೇಷ್ಟ್ರೇ, ನಿಮ್ಮ ಗುಮಾನಿಯಲ್ಲಿ ಹುರುಳಿದೆ, ಆದರೆ ಪೂರ್ತಿ ಒಪ್ಪುವುದಿಲ್ಲ. ನಾನು ಹೆಗ್ಗಡದೇವನಕೋಟೆ ಕಡೆಯವನು. ಪಾಠದ ಬದಲು ಚಟುವಟಿಕೆಯ ಕಾರ್ಡುಗಳಿಂದ ಕಲಿಸುವ ನಲಿಕಲಿ 1995ರಲ್ಲಿ ಆರಂಭವಾದದ್ದು ಇಲ್ಲಿಯೇ. ಆಂಧ್ರದ ಮದನಪಲ್ಲಿಯ ಬಳಿಯ ಋಷಿ ವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಶಿಕ್ಷಕರೇ ಕುಳಿತು ಕಾರ್ಡುಗಳನ್ನು ತಯಾರಿಸಿದರು. 2009-10ರ ಹೊತ್ತಿಗೆ ಅದು ರಾಜ್ಯಕ್ಕೆಲ್ಲ ಹೋಯಿತು.

ಇದನ್ನು ಹೇಳಲು ಕಾರಣವಿದೆ. ‘ನಾವು ಒಂದರಿಂದ ಮೂರನೆಯ ತರಗತಿವರೆಗೆ ನಲಿಕಲಿ ಮಾಡುತ್ತೇವೆ, ಆದ್ದರಿಂದ ನಮ್ಮಲ್ಲಿ ಮಕ್ಕಳಿಗೆ ಆಯ್ಕೆ ಈಗಾಗಲೇ ಇದೆ’ ಎಂದು ಬಹಳ ಜನ ಭಾವಿಸಿದ್ದಾರೆ. ಇಲ್ಲ. ನಲಿಕಲಿಯಲ್ಲಿ ಮಗು ಕಲಿಕಾ ಏಣಿಯಲ್ಲಿ, ಅಂದರೆ ಕಲಿಕೆಯ ಹಂತಗಳ ಪಟ್ಟಿಯಲ್ಲಿ, ತಾನು ಎಲ್ಲಿದ್ದೇನೆ ಎಂದು ನೋಡಿ, ಅದೇ ಗುರುತಿನ ಕಾರ್ಡನ್ನು ತೆಗೆದುಕೊಂಡು, ಆ ಕಾರ್ಡಿಗೆ ಹೇಳಿದ ತಟ್ಟೆಯಲ್ಲಿಯೇ (ಗುಂಪನ್ನು ನಾವು ಹಾಗೆನ್ನುತ್ತೇವೆ) ಹೋಗಿ ಕೂರಬೇಕು. ಶಿಕ್ಷಕರ ಬೆಂಬಲದ ತಟ್ಟೆಯಿಂದ ಸ್ವಕಲಿಕೆಯ ತಟ್ಟೆಯವರೆಗೆ ಎಲ್ಲವೂ ಮೊದಲೇ ನಿಗದಿ. ವೇಗ ಮಾತ್ರ ಮಗುವಿನದು, ದಾರಿ ನಮ್ಮದು. ಅಕ್ಷರ ಕಲಿಸಲು ಅದು ಸರಿಯಾದ ಕ್ರಮ ಎಂದೇ ನಾನು ಈಗಲೂ ಹೇಳುತ್ತೇನೆ. ಅಕ್ಷರ ಕಲಿಯುವುದಕ್ಕೆ ಮೆಟ್ಟಿಲುಗಳಿವೆ. ಕಥೆಯನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಅಂಥ ಮೆಟ್ಟಿಲುಗಳಿಲ್ಲ. ನಾಲ್ಕನೆಯ ತರಗತಿಗೆ ಬಂದ ಮಗು ಕಾರ್ಡು ಬಿಟ್ಟು ನೇರವಾಗಿ ಪಠ್ಯಪುಸ್ತಕ, ಪ್ರಶ್ನೋತ್ತರ, ನೋಟ್ಸಿಗೆ ಬೀಳುತ್ತದೆ. ಅಲ್ಲಿಯವರೆಗೆ ತಾನೇ ಎದ್ದುಹೋಗಿ ಕಾರ್ಡು ತರುತ್ತಿದ್ದ ಮಗು, ಜೂನ್ ತಿಂಗಳಿಂದ ಬೆಂಚಿನ ಮೇಲೆ ಕೈಕಟ್ಟಿ ಕೂರುತ್ತದೆ. ಟೀಚರ್ ಹೇಳುತ್ತಿರುವ ಸಮಸ್ಯೆ ಹುಟ್ಟುವುದು ಅಲ್ಲಿ.

ತಾಂಡಾ ಶಾಲೆ, ಕಲಬುರಗಿ

ಅರಸೀಕೆರೆ ಮೇಡಂ, ಚಿತ್ರವನ್ನು ತೆಗೆಯಬೇಡಿ, ಅದಕ್ಕೊಂದು ಕಟ್ಟುಪಾಡು ಹಾಕಿ. ನಾನು ಮಾಡುವುದನ್ನು ಹೇಳುತ್ತೇನೆ.

ಕಥೆಯನ್ನು ಹಾಳೆಯ ಮೇಲೆ ಬರೆಯುವಾಗಲೇ ಪ್ರತಿ ಸಾಲಿಗೂ ಸಂಖ್ಯೆ ಕೊಡುತ್ತೇನೆ. ಚಿತ್ರ ಆರಿಸಿಕೊಂಡವರು ಚಿತ್ರದಲ್ಲಿ ಕಥೆಯಿಂದ ಬಂದ ನಾಲ್ಕು ವಿಷಯಗಳನ್ನು ತೋರಿಸಬೇಕು, ಪ್ರತಿಯೊಂದರ ಪಕ್ಕದಲ್ಲಿ ಅದು ಯಾವ ಸಾಲಿನಿಂದ ಬಂತು ಎಂದು ಸಂಖ್ಯೆ ಬರೆಯಬೇಕು. ಐದನೆಯದು, ಕಥೆಯಲ್ಲಿ ಬರೆದಿಲ್ಲ ಆದರೆ ಇದ್ದೇ ಇರಬೇಕು ಎಂದು ಮಗುವಿಗೆ ಅನ್ನಿಸಿದ್ದು. ಅದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಈ ನಿಯಮ ಬಂದ ಮೇಲೆ ಸೂರ್ಯ, ಗುಡ್ಡ ಎಲ್ಲ ಮಾಯ. ‘ಸೂರ್ಯ ಯಾವ ಸಾಲಿನಲ್ಲಿದ್ದಾನೆ?’ ಎಂದು ಪಕ್ಕದ ಮಗುವೇ ಜಗಳ ತೆಗೆಯುತ್ತದೆ.

ನಿಮ್ಮದೇ ಕಥೆಯನ್ನು ನಾನೂ ಮಾಡಿಸಿದ್ದೇನೆ. ಒಬ್ಬಳು ಗುಬ್ಬಿಯ ಮನೆಯೊಳಗೆ ಒಂದು ಒಲೆ ಬಿಡಿಸಿ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಳು. ಏಕೆ ಎಂದರೆ, ‘ಮಗುವಿಗೆ ನೀರು ಹಾಕಿದೆ ಎಂದರೆ ನೀರು ಕಾಯಿಸಿದೆ, ಒಲೆ ಉರಿಯುತ್ತಿದೆ, ಒಳಗೆ ಬೆಚ್ಚಗಿದೆ, ಹೊರಗೆ ಕಾಗೆ ನೆನೆಯುತ್ತಿದೆ’ ಎಂದಳು. ಪಾಠದಲ್ಲಿ ಇಲ್ಲದ್ದನ್ನು ಪಾಠದಿಂದಲೇ ತೆಗೆದಳು. ಇದೇ ಅಲ್ಲವೇ ನಮಗೆ ಬೇಕಾದದ್ದು?

ಇನ್ನೊಂದು ಸಂಗತಿ. ನಮ್ಮ ಮಕ್ಕಳ ಮನೆಮಾತು ಲಂಬಾಣಿ. ಬರೆಯುವ ಮೊದಲು ಜೋಡಿಯಾಗಿ ಕುಳಿತು ಯಾವ ಭಾಷೆಯಲ್ಲಿ ಬೇಕಾದರೂ ಮಾತನಾಡಿಕೊಳ್ಳಿ ಎಂದು ಬಿಡುತ್ತೇನೆ. ಅದೂ ಒಂದು ಆಯ್ಕೆಯೇ. ಆ ಹತ್ತು ನಿಮಿಷ ತರಗತಿ ಸಂತೆಯಾಗುತ್ತದೆ, ಮುಖ್ಯ ಶಿಕ್ಷಕರು ಬಂದು ಇಣುಕಿ ಹೋಗುತ್ತಾರೆ. ಆದರೆ ಕನ್ನಡದಲ್ಲಿ ಬರೆಯಲು ಕುಳಿತಾಗ ಅವರ ಬಳಿ ಹೇಳಲು ಏನಾದರೂ ಇರುತ್ತದೆ.

ಬೆಂಗಳೂರಿನ ಅಮ್ಮ

ಶಿಕ್ಷಕಿಯಲ್ಲ, ಮೂರನೆಯ ತರಗತಿಯ ಹುಡುಗನ ತಾಯಿ. ಮಧ್ಯೆ ಬಂದುದಕ್ಕೆ ಕ್ಷಮಿಸಿ, ಆದರೆ ಈ ವಿಷಯದಲ್ಲಿ ನಮ್ಮದೂ ಒಂದು ಗೋಳಿದೆ.

ಮಗನ ಖಾಸಗಿ ಶಾಲೆಯಲ್ಲಿ ಪ್ರತಿ ಪಾಠಕ್ಕೂ ಒಂಬತ್ತು ಚೌಕಗಳ ಹಾಳೆ ಕಳುಹಿಸುತ್ತಾರೆ. ಅದರಲ್ಲಿ ಯಾವುದಾದರೂ ಮೂರನ್ನು ವಾರಾಂತ್ಯದಲ್ಲಿ ಮನೆಯಲ್ಲಿ ಮಾಡಿ ತರಬೇಕು. ಪಾತ್ರದ ಮುಖವಾಡ, ಥರ್ಮೋಕೋಲ್ ಮಾದರಿ, ಪುಸ್ತಕಕ್ಕೆ ಹೊಸ ಮುಖಪುಟ, ವಿಡಿಯೊ ಹೀಗೆ. ಆಯ್ಕೆ ಮಗುವಿನದು, ಅಂಟು ಮೆತ್ತಿಕೊಳ್ಳುವ ಕೈ ನನ್ನದು. ಕಳೆದ ಬಾರಿ ಕೋಟೆಯ ಮಾದರಿ ಮುಗಿದಾಗ ರಾತ್ರಿ ಬಹಳ ಹೊತ್ತಾಗಿತ್ತು. ಬೆಳಿಗ್ಗೆ ಆಟೊದಲ್ಲಿ ಹೋಗುತ್ತ, ‘ಆ ಪಾಠದಲ್ಲಿ ಕೋಟೆಯನ್ನು ಏಕೆ ಕಟ್ಟಿದರು?’ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಏಕೆಂದರೆ ಮಾದರಿ ಮಾಡಲು ಪಾಠ ಓದುವ ಅಗತ್ಯವೇ ಬೀಳಲಿಲ್ಲ.

ತಾಂಡಾ ಶಾಲೆಯ ಮೇಡಂ ಹೇಳಿದ ಸಾಲಿನ ಸಂಖ್ಯೆಯ ನಿಯಮ ಈ ಶಾಲೆಗೂ ಯಾರಾದರೂ ತಲುಪಿಸಬಾರದೇ!

ಡಯಟ್ ಉಪನ್ಯಾಸಕ

ಚರ್ಚೆ ಚೆನ್ನಾಗಿದೆ. ನಾನು ಡಯಟ್‌ನವನು, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯವನು. ಅಧ್ಯಯನಗಳು ಏನು ಹೇಳುತ್ತವೆ ಎಂದು ಯಾರಾದರೂ ಕೇಳುವ ಮೊದಲೇ ಸ್ವಲ್ಪ ಹೇಳಿಬಿಡುತ್ತೇನೆ.

ಆಯ್ಕೆಯ ಪರವಾಗಿ ಹೆಚ್ಚಾಗಿ ಉಲ್ಲೇಖಿಸುವುದು ಕಾರ್ಡೊವಾ ಮತ್ತು ಲೆಪ್ಪರ್ 1996ರಲ್ಲಿ ಪ್ರಕಟಿಸಿದ ಪ್ರಯೋಗ. ನಾಲ್ಕು-ಐದನೆಯ ತರಗತಿಯ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಒಂದು ಗಣಿತದ ಆಟ. ಕೆಲವರಿಗೆ ತಮ್ಮ ಆಕಾಶನೌಕೆಗೆ ಹೆಸರಿಡುವುದು, ಗುರುತು ಆರಿಸಿಕೊಳ್ಳುವುದು ಮುಂತಾದ ಸಣ್ಣಪುಟ್ಟ ಆಯ್ಕೆ ಕೊಟ್ಟರು. ಕಲಿಕೆಗೆ ಸಂಬಂಧವೇ ಇಲ್ಲದ ಆಯ್ಕೆಗಳವು. ಆದರೂ ಆ ಮಕ್ಕಳು ಹೆಚ್ಚು ಆಸಕ್ತಿ ತೋರಿದರು, ಹೆಚ್ಚು ಕಲಿತರು. ಗಮನಿಸಿ, ಅಲ್ಲಿ ಲೆಕ್ಕ ಮಾಡುವುದೋ ಬೇಡವೋ ಎಂಬ ಆಯ್ಕೆ ಇರಲಿಲ್ಲ. ಲೆಕ್ಕ ಎಲ್ಲರಿಗೂ ಒಂದೇ.

ಓದಿನ ವಿಷಯಕ್ಕೆ ಬಂದರೆ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಾನ್ ಗತ್ರಿ ಮತ್ತು ಸಂಗಡಿಗರು 1990ರ ದಶಕದಿಂದ ಪ್ರಾಥಮಿಕ ತರಗತಿಗಳಲ್ಲಿ ಒಂದು ಕ್ರಮವನ್ನು ರೂಪಿಸಿದರು. ಮಕ್ಕಳು ಮೊದಲು ಹುಳ, ಹಕ್ಕಿ, ಕೊಳ ಎಂದು ಕಣ್ಣಾರೆ ನೋಡುವುದು, ತಮ್ಮದೇ ಪ್ರಶ್ನೆ ಹಾಕಿಕೊಳ್ಳುವುದು, ಅದಕ್ಕೆ ತಕ್ಕ ಪುಸ್ತಕ ಆರಿಸಿಕೊಳ್ಳುವುದು. ಅಲ್ಲಿ ಆಯ್ಕೆ ಒಂದು ಅಂಶ ಮಾತ್ರ. ಪ್ರಶ್ನೆ ಕೇಳುವುದು ಹೇಗೆ, ಸಾರಾಂಶ ತೆಗೆಯುವುದು ಹೇಗೆ ಎಂದು ಶಿಕ್ಷಕರು ಎದುರು ಕುಳಿತು ಕಲಿಸುವುದು ಅದರ ಬೆನ್ನೆಲುಬು. ನಮ್ಮಲ್ಲಿ ಆಯ್ಕೆಯನ್ನು ಎತ್ತಿಕೊಂಡು ಕಲಿಸುವುದನ್ನು ಬಿಟ್ಟುಬಿಡುತ್ತಾರೆ. ಮೇಷ್ಟ್ರ ಸಿಟ್ಟು ನ್ಯಾಯವಾಗಿರುವುದು ಇಲ್ಲಿ.

ಇನ್ನೊಂದು ಕುತೂಹಲದ ಅಧ್ಯಯನ. 1999ರಲ್ಲಿ ಪ್ರಕಟವಾದ ಇದರಲ್ಲಿ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ ಅದಲುಬದಲಾದ ಅಕ್ಷರಗಳನ್ನು ಜೋಡಿಸಿ ಪದ ಮಾಡುವ ಆಟ ಕೊಟ್ಟರು. ಕೆಲವರು ತಾವೇ ಆರಿಸಿಕೊಂಡರು, ಕೆಲವರಿಗೆ ಸಂಶೋಧಕರು ಆರಿಸಿದರು, ಇನ್ನು ಕೆಲವರಿಗೆ ‘ಇದನ್ನು ನಿನ್ನ ಅಮ್ಮ ಆರಿಸಿದ್ದು’ ಎಂದು ಹೇಳಿದರು. ಬಿಳಿಯ ಅಮೆರಿಕನ್ ಮಕ್ಕಳು ತಾವೇ ಆರಿಸಿಕೊಂಡಾಗ ಎಲ್ಲಕ್ಕಿಂತ ಚೆನ್ನಾಗಿ ಮಾಡಿದರು. ಚೀನಾ, ಜಪಾನ್ ಮೂಲದ ಮಕ್ಕಳು ಅಮ್ಮ ಆರಿಸಿದ್ದು ಎಂದಾಗ ಎಲ್ಲಕ್ಕಿಂತ ಚೆನ್ನಾಗಿ ಮಾಡಿದರು! ಅವರು ನಮ್ಮ ಮಕ್ಕಳಲ್ಲ, ಹಾಗಾಗಿ ನೇರವಾಗಿ ಎತ್ತಿ ತರಬೇಡಿ. ಆದರೆ ‘ನಿನಗೆ ಬೇಕಾದ್ದು ಮಾಡು’ ಎಂದು ಶಿಕ್ಷಕಿ ಮೇಜಿನ ಹಿಂದೆ ಹೋಗಿ ಕೂತರೆ ನಮ್ಮ ಕೆಲವು ಮಕ್ಕಳಿಗೆ ಅದು ಸ್ವಾತಂತ್ರ್ಯವಾಗಿ ಕಾಣುವುದಿಲ್ಲ, ತಮ್ಮನ್ನು ಕೈಬಿಟ್ಟಂತೆ ಕಾಣುತ್ತದೆ ಎಂಬುದು ನಾನು ಶಾಲೆಗಳಲ್ಲಿ ನೋಡಿರುವುದು. ‘ಈ ಎರಡನ್ನು ನಿನಗೆಂದೇ ಇಟ್ಟಿದ್ದೇನೆ, ಇವುಗಳಲ್ಲಿ ಯಾವುದು?’ ಎಂದು ಕೇಳಿ ನೋಡಿ.

ಮಲೆನಾಡ ಮೇಷ್ಟ್ರು

ಉಪನ್ಯಾಸಕರು ನನ್ನನ್ನು ಅರ್ಧ ಗೆಲ್ಲಿಸಿದ್ದಾರೆ, ಸಂತೋಷ. ತಾಂಡಾ ಶಾಲೆಯ ಒಲೆಯ ಚಿತ್ರವೂ ಮೆಚ್ಚುಗೆಯಾಯಿತು. ಆ ಹುಡುಗಿಗೆ ನನ್ನ ಲೆಕ್ಕದಲ್ಲಿ ಒಂದು ಪೆನ್ನು ಕೊಡಿ.

ಉಳಿದ ಅರ್ಧ ಪ್ರಶ್ನೆ ಹಾಗೆಯೇ ಇದೆ. ನಾಲ್ಕನೆಯ ತರಗತಿಯಲ್ಲಿ ಕುಳಿತು ಎರಡಕ್ಷರದ ಪದವನ್ನೂ ಕೂಡಿಸಿ ಓದಲಾಗದ ಮಕ್ಕಳು ಎಲ್ಲ ಶಾಲೆಗಳಲ್ಲಿ ಇದ್ದಾರೆ. ಅವರ ಮುಂದೆ ನಾಲ್ಕು ಚಟುವಟಿಕೆ ಇಟ್ಟರೇನು, ನಲವತ್ತು ಇಟ್ಟರೇನು? ಅವರು ಆರಿಸಿಕೊಳ್ಳುವುದು ಓದದೆ ಮಾಡಬಹುದಾದದ್ದನ್ನು. ವರ್ಷದ ಕೊನೆಗೂ ಅವರು ಚೆನ್ನಾಗಿ ಚಿತ್ರ ಬರೆಯುವ, ಓದಲು ಬಾರದ ಮಕ್ಕಳಾಗಿಯೇ ಉಳಿಯುತ್ತಾರೆ.

ಹಳ್ಳಿ ಸಿಆರ್‌ಪಿ

ಮೇಷ್ಟ್ರು ಎತ್ತಿದ್ದು ಸರಿಯಾದ ಪ್ರಶ್ನೆ. ಸಿಆರ್‌ಪಿ ಎಂದರೆ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಒಂದಷ್ಟು ಶಾಲೆಗಳ, ಸಂಪನ್ಮೂಲ ವ್ಯಕ್ತಿ. ಆ ಶಾಲೆಗಳಿಗೆ ಹೋದಾಗ ನಾನು ಮೊದಲು ನೋಡುವುದೂ ಇದನ್ನೇ.

ಗಾಫ್ ಮತ್ತು ಟನ್‌ಮರ್ ಎಂಬಿಬ್ಬರು 1986ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಓದಿನ ಗ್ರಹಿಕೆ ಎಂದರೆ ಅಕ್ಷರ ಬಿಡಿಸಿ ಓದುವ ಶಕ್ತಿಯನ್ನು ಭಾಷೆ ಅರ್ಥವಾಗುವ ಶಕ್ತಿಯಿಂದ ಗುಣಿಸಿದ್ದು. ಕೂಡಿಸಿದ್ದಲ್ಲ, ಗುಣಿಸಿದ್ದು. ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಹಾಗಾಗಿ ತರಗತಿಯಲ್ಲಿ ಎರಡು ಬಗೆಯ ಮಕ್ಕಳಿರುತ್ತಾರೆ, ಅವರಿಗೆ ಒಂದೇ ಮದ್ದು ನಾಟುವುದಿಲ್ಲ. ಅರಸೀಕೆರೆ ಮೇಡಂ ಹೇಳಿದ ಮಕ್ಕಳು ಓದಬಲ್ಲರು, ಯೋಚಿಸುವ ರೂಢಿಯಿಲ್ಲ. ಅವರಿಗೆ ಆಯ್ಕೆಯ ಚಟುವಟಿಕೆ ಕೊಡಿ. ಓದಲು ಬಾರದವರಿಗೆ ಬೇಕಿರುವುದು ದಿನವೂ ಶಿಕ್ಷಕರ ಪಕ್ಕದ ಜಾಗ.

ಬಹಳ ಜನ ಗಮನಿಸದ ಲಾಭ ಇಲ್ಲಿದೆ. ಓದಬಲ್ಲ ಮಕ್ಕಳು ತಮ್ಮ ಆಯ್ಕೆಯ ಕೆಲಸದಲ್ಲಿ ಮುಳುಗಿರುವ ಆ ಇಪ್ಪತ್ತು ನಿಮಿಷ ಶಿಕ್ಷಕರ ಕೈ ಖಾಲಿ. ಆಗ ಐದಾರು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಅಕ್ಷರ, ಕಾಗುಣಿತ ಮಾಡಿಸಬಹುದು. ಎರಡು ತರಗತಿಗಳನ್ನು ಒಟ್ಟಿಗೆ ನೋಡುವವರಿಗೆ ಬೇರೆ ಸಮಯ ಎಲ್ಲಿಂದ ಬರಬೇಕು? ಆದರೆ ಆ ಮಕ್ಕಳನ್ನು ಕಥೆಯಿಂದ ಹೊರಗಿಡಬೇಡಿ. ಕಥೆಯನ್ನು ಮೊದಲು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿ. ಓದಲು ಬಾರದ ಮಗುವೂ ಕಾಗೆಯ ಬಗ್ಗೆ ವಾದ ಮಾಡಬಲ್ಲದು.

ಅಂದ ಹಾಗೆ, 2021ರಲ್ಲಿ ಬಂದ ನಿಪುಣ್ ಭಾರತ್ ಎಂಬ ಕೇಂದ್ರ ಸರ್ಕಾರದ ಓದು-ಲೆಕ್ಕದ ಕಾರ್ಯಕ್ರಮದ ಗುರಿಪಟ್ಟಿಯಲ್ಲಿ ಮೂರನೆಯ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ ಎಂದಿದೆಯಲ್ಲ, ಅದರ ಜೊತೆಯಲ್ಲಿಯೇ ‘ಅರ್ಥ ಮಾಡಿಕೊಂಡು’ ಎಂದೂ ಇದೆ. ಎಲ್ಲರ ಬಾಯಲ್ಲೂ 60 ಉಳಿದುಕೊಂಡಿತು. ಗಡಿಯಾರ ಹಿಡಿದು ಪದ ಎಣಿಸುವುದು ಸುಲಭ ನೋಡಿ.

ಅರಿವು ಕೇಂದ್ರ

ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ ನಾನು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಆರಂಭಿಸಿದ ಮೇಲೆ ಸಂಜೆ ಹೊತ್ತು ನಮ್ಮಲ್ಲಿ ಮಕ್ಕಳದೇ ರಾಜ್ಯ.

ನೀವೆಲ್ಲ ಓದಿದ ಮೇಲಿನ ಕೆಲಸದ ಆಯ್ಕೆಯ ಬಗ್ಗೆ ಮಾತನಾಡುತ್ತಿದ್ದೀರಿ. ಏನನ್ನು ಓದಬೇಕು ಎಂಬ ಆಯ್ಕೆ? ಶಾಲೆಯಲ್ಲಿ ಪಾಠ ಒಂದೇ, ಒಪ್ಪಿದೆ. ನಮ್ಮಲ್ಲಿ ಮಗು ಬಂದು ಕಪಾಟಿನ ಮುಂದೆ ನಿಂತರೆ ದಪ್ಪ ಪುಸ್ತಕವನ್ನೇ ಎಳೆಯುತ್ತದೆ, ಗೆಳೆಯರ ಮುಂದೆ ಹೆಚ್ಚುಗಾರಿಕೆ. ಮನೆಗೆ ಒಯ್ದು ಮರುದಿನ ‘ಓದಿದೆ ಮೇಡಂ’ ಎಂದು ತಂದುಕೊಡುತ್ತದೆ. ಬಯ್ಯುವುದಿಲ್ಲ. ನಿನಗೆ ಇಷ್ಟವಾದ ಪುಟ ತೆಗೆದು ಓದು, ಅದರ ಹಿಂದಿನ ಪುಟದಲ್ಲಿ ಏನಾಗಿತ್ತು ಹೇಳು ಎನ್ನುತ್ತೇನೆ. ಹೇಳಲಾಗದವರು ತಾವೇ ಹೋಗಿ ತೆಳ್ಳಗಿನದನ್ನು ತರುತ್ತಾರೆ. ಒಂದು ಪುಟದಲ್ಲಿ ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಚು, ಐದೂ ಮಡಚಿದರೆ ಪುಸ್ತಕ ವಾಪಸ್ ಇಡು ಎಂಬ ಉಪಾಯವನ್ನೂ ಹೇಳಿಕೊಟ್ಟೆ. ಕೆಲವು ಚಾಲಾಕಿಗಳು ಮಡಚುವುದೇ ಇಲ್ಲ, ಅದು ಬೇರೆ ಮಾತು.

ಪುಸ್ತಕ ಸಾಲದ ಶಾಲೆಯವರು ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣ ನೋಡಿ. ಕನ್ನಡದಲ್ಲಿಯೂ ಬೇಕಾದಷ್ಟು ಕಥೆಗಳಿವೆ, ನಾಲ್ಕು ಹಂತಗಳಾಗಿ ವಿಂಗಡಿಸಿದ್ದಾರೆ, ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿಕೊಳ್ಳಲು ಅಡ್ಡಿಯಿಲ್ಲ.

ಗಡಿನಾಡ ಮಾಷ್ಟ್ರು, ಕಾಸರಗೋಡು

ಕೇರಳದ ಕನ್ನಡ ಮಾಧ್ಯಮ ಶಾಲೆಯಿಂದ ಒಂದು ಎಚ್ಚರಿಕೆ. ನಮ್ಮಲ್ಲಿ 1990ರ ದಶಕದ ಕೊನೆಯಿಂದಲೇ ಚಟುವಟಿಕೆ ಆಧಾರಿತ ಪಠ್ಯಕ್ರಮ. ಕೇರಳದ ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ ಅವರ ನೆನಪಿಗಾಗಿ ಜೂನ್ 19ರಂದು ವಾಚನ ದಿನ ಆಚರಿಸುತ್ತೇವೆ, ಮಕ್ಕಳು ಓದಿದ ಪುಸ್ತಕಕ್ಕೆ ಓದಿನ ಟಿಪ್ಪಣಿ ಬರೆಯುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಯಾವ ಒಳ್ಳೆಯ ಪದ್ಧತಿಯೂ ಸವೆಯುತ್ತದೆ. ಈಗ ಟಿಪ್ಪಣಿಗಳನ್ನು ತೆರೆದರೆ ಪುಸ್ತಕದ ಹೆಸರು, ಲೇಖಕರ ಹೆಸರು, ‘ಈ ಪುಸ್ತಕ ನನಗೆ ತುಂಬಾ ಇಷ್ಟವಾಯಿತು, ನೀವೂ ಓದಿರಿ’. ಓದದೆಯೂ ಬರೆಯಬಹುದು!

ನಾನು ಮಾಡಿದ ಬದಲಾವಣೆ: ಟಿಪ್ಪಣಿಗೆ ಮೂರು ದಾರಿ ಇಟ್ಟೆ. ಒಂದು ಪಾತ್ರಕ್ಕೆ ಪತ್ರ ಬರೆದು ಅದು ಮಾಡಿದ ಒಂದು ಕೆಲಸವನ್ನು ಪ್ರಶ್ನಿಸಬಹುದು. ಇಲ್ಲವೇ ಪುಸ್ತಕದ ಒಂದು ವಾಕ್ಯವನ್ನು ಎತ್ತಿ ಬರೆದು, ಆ ವಾಕ್ಯ ಇಲ್ಲದಿದ್ದರೆ ಕಥೆ ಎಲ್ಲಿ ಕೆಡುತ್ತಿತ್ತು ಎಂದು ಹೇಳಬಹುದು. ಅದೂ ಬೇಡವಾದರೆ ನನಗೊಂದು ಪ್ರಶ್ನೆ ಕೇಳಬಹುದು, ನಾನು ಪುಸ್ತಕ ಓದಿ ಉತ್ತರ ಬರೆಯಬೇಕು. ಮೂರನೆಯದಕ್ಕೆ ಭಾರಿ ಬೇಡಿಕೆ, ಏಕೆಂದರೆ ಮಾಷ್ಟ್ರನ್ನು ಸಿಕ್ಕಿಸಿಹಾಕುವ ಪ್ರಶ್ನೆ ಬೇಕಾದರೆ ಪುಸ್ತಕವನ್ನು ಎರಡು ಸಲ ಓದಲೇಬೇಕು. ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ ಮಾತನಾಡುವ ಮಕ್ಕಳು ಇವರು, ಬರೆಯುವ ಕನ್ನಡ ಚಿಕ್ಕದು. ಪ್ರಶ್ನೆ ಚಿಕ್ಕದಾಗಿದ್ದರೂ ಸಾಕು ಎಂಬ ಧೈರ್ಯವೂ ಅವರಿಗಿದೆ.

ಅರಸೀಕೆರೆ ಟೀಚರ್

ಇಷ್ಟೊಂದು ಉತ್ತರಗಳು ಬರುತ್ತವೆಂದು ಎಣಿಸಿರಲಿಲ್ಲ. ನಿಮ್ಮ ಮಾತುಗಳನ್ನು ಇಟ್ಟುಕೊಂಡು ಅದೇ ಕಥೆಯನ್ನು ಮತ್ತೊಮ್ಮೆ ಮಾಡಿಸಿದೆ. ಈ ಬಾರಿ ಆಯ್ಕೆ ಮೂರೇ. ಸಾಲಿನ ಸಂಖ್ಯೆಯ ಚಿತ್ರ, ಟೀಚರನ್ನು ಸಿಕ್ಕಿಸುವ ಪ್ರಶ್ನೆ, ಮತ್ತೆ ಪಂಚಾಯಿತಿ ಕಟ್ಟೆ. ಕೊನೆಯದು ನಾನೇ ಸೇರಿಸಿದ್ದು: ಕಾಗೆ ಗುಬ್ಬಿಯ ಮೇಲೆ ದೂರು ತಂದಿದೆ, ಒಂದು ಗುಂಪು ಕಾಗೆಯ ಪರ, ಒಂದು ಗುಂಪು ಗುಬ್ಬಿಯ ಪರ, ಇಬ್ಬರು ಪಂಚರು. ಸಾಲು ತೋರಿಸದೆ ಆಡಿದ ಮಾತು ಲೆಕ್ಕಕ್ಕಿಲ್ಲ.

ಕಾಗೆಯ ಪರದವರು ಮೊದಲು ಸುಮ್ಮನೆ ‘ಗುಬ್ಬಿ ಕೆಟ್ಟದ್ದು’ ಎಂದರು. ಪಂಚರು ‘ಸಾಲು?’ ಎಂದರು. ಆಮೇಲೆ ಒಬ್ಬಳು ಹಾಳೆಯ ಮೇಲೆ ಬೆರಳಿಟ್ಟು, ‘ಎಂಟನೆಯ ಸಾಲಿನಲ್ಲಿ ನೀರು ಹಾಕಿತು, ಹತ್ತರಲ್ಲಿ ಹಾಲು ಕುಡಿಸಿತು, ಹನ್ನೆರಡರಲ್ಲಿ ತೂಗಿತು. ಬಾಗಿಲು ತೆರೆದು ಆಮೇಲೆ ತೂಗಬಹುದಿತ್ತು. ಒಂದಾದರೆ ಕೆಲಸ, ಮೂರಾದರೆ ನೆಪ’ ಎಂದಳು. ನಾನು ಕೇಳಿ ಸೋತ ಪ್ರಶ್ನೆಗೆ ಇದೇ ಉತ್ತರ! ಗುಬ್ಬಿಯ ಪರದವರು ಬಿಡುತ್ತಾರೆಯೇ? ‘ಮಗು ಮಲಗದೆ ಬಾಗಿಲು ತೆರೆದರೆ ಗಾಳಿ ಮಳೆ ಒಳಗೆ ಬರುತ್ತದೆ, ಮೂರನೆಯ ಸಾಲಿನಲ್ಲಿ ಜೋರು ಗಾಳಿ ಎಂದಿದೆ’ ಎಂದ ಮೊನ್ನೆ ‘ಅದು ಪಾಠದಲ್ಲಿ ಇಲ್ಲ’ ಎಂದಿದ್ದ ಅದೇ ಹುಡುಗ. ಪಂಚರು ತೀರ್ಪು ಕೊಡಲಾಗದೆ ಊಟದ ಗಂಟೆಯಾಯಿತು. ಬಿಸಿಯೂಟದ ಸಾಲಿನಲ್ಲಿಯೂ ವಾದ ನಡೆಯಿತು ಎಂದು ಅಡುಗೆಯವರು ದೂರಿದರು.

ಓದಲು ಕಷ್ಟಪಡುವ ನಾಲ್ವರು ನನ್ನ ಪಕ್ಕದಲ್ಲಿ ಕುಳಿತು ಅದೇ ಕಥೆಯ ‘ಕಾಗೆ, ಗುಬ್ಬಿ, ಮಳೆ, ಬಾಗಿಲು’ ಪದಗಳನ್ನು ಬಿಡಿಸಿ ಓದಿದರು. ಅವರಲ್ಲೊಬ್ಬ ಆಮೇಲೆ ಪಂಚನಾಗಲು ಹಟ ಹಿಡಿದ, ಬಿಟ್ಟೆ.

ಎಲ್ಲವೂ ಚೆನ್ನಾಯಿತು ಎನ್ನುವಂತಿಲ್ಲ. ಪ್ರಶ್ನೆ ಬರೆಯುವ ಗುಂಪು ‘ಕಾಗೆಯ ಬಣ್ಣ ಯಾವುದು?’ ಎಂದು ಬರೆದು ಕೈತೊಳೆದುಕೊಂಡಿತು. ಅವರಿಗೆ ಒಳ್ಳೆಯ ಪ್ರಶ್ನೆ ಎಂದರೇನು ಎಂದು ನಾನು ಮೊದಲು ಮಾಡಿ ತೋರಿಸಬೇಕು.

ಈಗ ನನ್ನ ಪೇಚು: ಒಬ್ಬರು ಚಿತ್ರ, ಒಬ್ಬರು ವಾದ, ಒಬ್ಬರು ಪ್ರಶ್ನೆ. ರೂಪಣಾತ್ಮಕ ಮೌಲ್ಯಮಾಪನಕ್ಕೆ ಅಂಕ ಹೇಗೆ ಹಾಕಲಿ?

ಹಳ್ಳಿ ಸಿಆರ್‌ಪಿ

ಚಿತ್ರಕ್ಕೆ, ವಾದಕ್ಕೆ ಅಂಕ ಹಾಕಬೇಡಿ ಮೇಡಂ, ಅದು ಕಲಿಯುವ ಸಮಯ. ಮೂರು ದಿನ ಬಿಟ್ಟು ಎಲ್ಲರಿಗೂ ಹೊಸದೊಂದು ಪುಟ್ಟ ಕಥೆ, ಎಂಟು ಹತ್ತು ಸಾಲು ಸಾಕು, ಕೊಟ್ಟು ಎರಡು ಪ್ರಶ್ನೆ ಕೇಳಿ. ಒಂದರ ಉತ್ತರ ಸಾಲಿನಲ್ಲಿಯೇ ಇರಲಿ, ಇನ್ನೊಂದರದು ಇರಬಾರದು. ಚಟುವಟಿಕೆ ಬೇರೆ ಬೇರೆ, ಅಳತೆ ಒಂದೇ. ಯಾವ ಚಟುವಟಿಕೆ ಆರಿಸಿಕೊಂಡವರು ಎರಡನೆಯ ಪ್ರಶ್ನೆಗೆ ಉತ್ತರ ಬರೆದರು ಎಂದು ನಿಮ್ಮ ದಿನಚರಿಯಲ್ಲಿ ಗುರುತು ಹಾಕಿಕೊಳ್ಳಿ. ಎರಡು ಮೂರು ಕಥೆ ಮುಗಿಯುವಷ್ಟರಲ್ಲಿ ಯಾವ ಚಟುವಟಿಕೆ ಹೊಟ್ಟು, ಯಾವುದು ಕಾಳು ಎಂದು ನಿಮಗೇ ಗೊತ್ತಾಗುತ್ತದೆ. ಒಂದೇ ಮಗು ಪ್ರತಿ ಬಾರಿಯೂ ಚಿತ್ರವನ್ನೇ ಆರಿಸಿಕೊಂಡರೆ ನಾಲ್ಕನೆಯ ಬಾರಿಗೆ ‘ಚಿತ್ರ ಬಿಟ್ಟು ಉಳಿದ ಎರಡರಲ್ಲಿ ಯಾವುದು’ ಎಂದು ಕೇಳಿ, ಅಷ್ಟು ಅಧಿಕಾರ ಶಿಕ್ಷಕರಿಗೆ ಇರಲಿ.

ಕೋಟೆ ನಲಿಕಲಿ

ಕಥೆಗೇ ಅಂಟಿಕೊಳ್ಳಬೇಡಿ ಎಂದು ಒಂದು ಸೇರ್ಪಡೆ. ನಾನು ತಿಂಗಳಿಗೊಮ್ಮೆ ಮೂರು ಕಾಗದಗಳನ್ನು ಮೇಜಿನ ಮೇಲೆ ಇಡುತ್ತೇನೆ: ಓಆರ್‌ಎಸ್ ಪೊಟ್ಟಣ, ಬಸ್ ನಿಲ್ದಾಣದ ವೇಳಾಪಟ್ಟಿ ಬರೆದುಕೊಂಡ ಹಾಳೆ, ಒಂದು ಮದುವೆ ಕರೆಯೋಲೆ. ಯಾವುದನ್ನು ಓದಬೇಕು ಎಂಬುದು ಗುಂಪಿನ ಇಷ್ಟ. ಪೊಟ್ಟಣ ಆರಿಸಿಕೊಂಡವರಿಗೆ, ‘ಮನೆಯಲ್ಲಿ ಇರುವುದು ಅರ್ಧ ಲೀಟರ್ ಬಾಟಲಿ, ಪೊಟ್ಟಣದಲ್ಲಿ ಒಂದು ಲೀಟರ್ ಎಂದಿದೆ, ಏನು ಮಾಡುತ್ತೀರಿ?’ ಅರ್ಧ ಪೊಟ್ಟಣ ಹಾಕುವುದು ಎಂದ ಗುಂಪಿಗೂ ಎರಡು ಬಾಟಲಿ ನೀರು ಅಳೆದು ದೊಡ್ಡ ಪಾತ್ರೆಯಲ್ಲಿ ಕಲಸುವುದು ಎಂದ ಗುಂಪಿಗೂ ಜಗಳ ಹತ್ತಿತು. ಅಂದಾಜಿನಲ್ಲಿ ಅರ್ಧ ಮಾಡಿದರೆ ಉಪ್ಪು ಸಕ್ಕರೆಯ ಪ್ರಮಾಣ ತಪ್ಪುತ್ತದೆ ಎಂದು ಎರಡನೆಯವರಿಗೆ ನ್ಯಾಯ ಕೊಟ್ಟೆ.

ಕರೆಯೋಲೆ ಎಲ್ಲರ ಅಚ್ಚುಮೆಚ್ಚು. ಆರತಕ್ಷತೆ ಶನಿವಾರ ಸಂಜೆ, ಮುಹೂರ್ತ ಭಾನುವಾರ ಬೆಳಿಗ್ಗೆ, ಊರು ದೂರ. ‘ಎರಡಕ್ಕೂ ಹೋಗಬೇಕಾದರೆ ಎಲ್ಲಿ ಉಳಿಯುತ್ತೀರಿ? ಹೆಣ್ಣಿನ ಕಡೆಯವರು ಅಚ್ಚು ಹಾಕಿಸಿದ್ದೋ ಗಂಡಿನ ಕಡೆಯವರೋ, ಹೇಗೆ ಗೊತ್ತಾಯಿತು?’ ಎಲ್ಲಿಯೂ ಬರೆದಿರುವುದಿಲ್ಲ, ಆದರೂ ಕಂಡುಹಿಡಿಯುತ್ತಾರೆ. ಫೋನ್ ಸಂಖ್ಯೆ ಇರುವ ತುದಿಯನ್ನು ಮಾತ್ರ ಕತ್ತರಿಸಿ ಇಡಿ. ನಮ್ಮಲ್ಲೊಬ್ಬ ಕರೆ ಮಾಡಿ ‘ಊಟಕ್ಕೆ ಏನಿದೆ’ ಎಂದು ಕೇಳಿಬಿಟ್ಟಿದ್ದ.

ಮಲೆನಾಡ ಮೇಷ್ಟ್ರು

ಆ ಹುಡುಗನ ಗ್ರಹಿಕೆಗೆ ಪೂರ್ಣಾಂಕ.

ಟೀಚರ್, ಪ್ರಶ್ನೆ ಬರೆಯುವ ಗುಂಪಿಗೆ ಒಂದು ಉಪಾಯ. ‘ಏಕೆ’ ಅಥವಾ ‘ಒಂದು ವೇಳೆ’ ಎಂದೇ ಪ್ರಶ್ನೆ ಶುರುವಾಗಬೇಕು ಎಂದು ಹೇಳಿ. ಕಾಗೆಯ ಬಣ್ಣ ಅಲ್ಲಿಗೆ ಮುಗಿಯಿತು. ಮತ್ತೆ, ಆಯ್ಕೆ ಕೊಡುವ ಮುನ್ನ ಕಥೆಯನ್ನು ನೀವೇ ಒಮ್ಮೆ ಭಾವ ತುಂಬಿ ಓದುವುದನ್ನು ಮಾತ್ರ ಬಿಡಬೇಡಿ, ಅದರಲ್ಲಿ ಮಕ್ಕಳಿಗೆ ಆಯ್ಕೆ ಬೇಡ.

ತಾಂಡಾ ಶಾಲೆ, ಕಲಬುರಗಿ

ಮೇಷ್ಟ್ರೇ, ಪೆನ್ನು ಕೊಟ್ಟೆ. ಯಾರು ಕೊಟ್ಟದ್ದು ಎಂದು ಕೇಳಿದಳು, ಮಲೆನಾಡಿನ ಒಬ್ಬ ಮೇಷ್ಟ್ರು ಎಂದೆ.

ಅರಸೀಕೆರೆ ಮೇಡಂ, ನಿಮ್ಮ ಕಥೆಯಲ್ಲಿ ಕಾಗೆ ಒಳಗೆ ಬಂದ ಮೇಲೆ ಏನಾಗುತ್ತದೆ? ಕೆಲವರು ಕಾಗೆ ಕಡಲೆ ಮೂಟೆಯ ಪಕ್ಕದಲ್ಲಿ ಮಲಗಿ ರಾತ್ರಿಯೆಲ್ಲ ಕಟ ಕಟ ಎಂದು ತಿಂದು ಮುಗಿಸಿತು ಎಂದು ಹೇಳುತ್ತಾರೆ. ಹಾಗಿದ್ದರೆ ಗುಬ್ಬಿಯ ಪರದವರಿಗೆ ಅದೇ ದೊಡ್ಡ ಸಾಕ್ಷಿ. ನಿಮ್ಮ ಹಾಳೆಯಲ್ಲಿ ಆ ಭಾಗ ಇದೆಯೇ?

ಅರಸೀಕೆರೆ ಟೀಚರ್

ಇಲ್ಲ ಮೇಡಂ, ನನ್ನ ಹಾಳೆ ಬಾಗಿಲು ತೆರೆಯುವಲ್ಲಿಗೇ ನಿಂತಿದೆ. ಬೇಕೆಂದೇ ನಿಲ್ಲಿಸಿದ್ದು, ಇಲ್ಲದಿದ್ದರೆ ವಾದ ಒಂದೇ ಕಡೆಗೆ ವಾಲುತ್ತಿತ್ತು. ಕಡಲೆ ಮೂಟೆಯನ್ನು ಈ ವಾರ ಎರಡನೆಯ ಹಾಳೆಯಾಗಿ ಕೊಡುತ್ತೇನೆ. ಪಂಚರು ತೀರ್ಪು ಕಾಯ್ದಿರಿಸಿದ್ದಾರೆ, ಹೊಸ ಸಾಕ್ಷಿ ಬಂದ ಮೇಲೆ ಏನು ಮಾಡುತ್ತಾರೋ ನೋಡಿ ಇಲ್ಲಿಯೇ ಬರೆಯುತ್ತೇನೆ. ಸಾಲಿನ ಸಂಖ್ಯೆ ಹಾಕಿದ ನಿಮ್ಮ ಹಾಳೆಯ ಒಂದು ಫೋಟೊ ಸಿಗಬಹುದೇ? ನಾನು ಬರೆದದ್ದರಲ್ಲಿ ಒಂದು ವಾಕ್ಯ ಎರಡು ಸಾಲಿಗೆ ಹರಿದು, ಯಾವ ಸಂಖ್ಯೆ ಬರೆಯಬೇಕು ಎಂದು ಮಕ್ಕಳು ಗೊಂದಲಕ್ಕೆ ಬಿದ್ದರು.

ತಾಂಡಾ ಶಾಲೆ, ಕಲಬುರಗಿ

ನಾನು ಸಾಲು ಎಂದದ್ದು ವಾಕ್ಯವನ್ನೇ, ವಾಕ್ಯಕ್ಕೆ ಸಂಖ್ಯೆ ಹಾಕಿ. ಪೂರ್ಣವಿರಾಮ ಬಂದ ಮೇಲೆ ಮುಂದಿನ ಸಂಖ್ಯೆ. ಫೋಟೊ ನಾಳೆ ಶಾಲೆಗೆ ಹೋದ ಮೇಲೆ ಹಾಕುತ್ತೇನೆ.